ನವೆಂಬರ್ ತಿಂಗಳಿಗೆ ಬೆಚ್ಚಗಿದ್ದ ಭಾನುವಾರ

ಟೋಕಿಯೊದ ಎದೊಗವ ವಾರ್ಡಿಗೆ ಸೇರಿದ ನಿಶಿಕಸಾಯಿಯಲ್ಲಿ ಭಾರತೀಯ ಕುಟುಂಬಗಳು ಬಹಳ. ಅಲ್ಲಿ ಬಾಡಿಗೆಗೆ ಇದ್ದ ಕಾಲದಲ್ಲಿ, ಮನೆಗೆ ಸಮೀಪದ ಸಮುದಾಯ ಭವನದಲ್ಲಿ ಸ್ವಯಂಸೇವಕರು ನಡೆಸುತ್ತಿದ್ದ ಜಪಾನಿ ತರಗತಿಗೆ ನಾನು ಭಾನುವಾರಗಳಂದು ಹೋಗುತ್ತಿದ್ದೆ. ವರ್ಷಕ್ಕೆರಡು ಸಲ, ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುವ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಮಧ್ಯಮ ಹಂತವಾದ ಎನ್-3ಕ್ಕೆ ನಮ್ಮಲ್ಲಿ ಹಲವರು ಸಿದ್ಧರಾಗುತ್ತಿದ್ದೆವು. ಆ ವರ್ಷ ನವೆಂಬರ್ ಮುಗಿಯುತ್ತ ಬಂದಿದ್ದರೂ ಕೋಟು ಬೇಕೆನಿಸದಷ್ಟು ಬಿಸಿಲಿದ್ದ ಒಂದು ಬೆಳಿಗ್ಗೆ, ನಮ್ಮ ಸೆನ್ಸೇ, ಅಂದರೆ ಗುರುಗಳು, ಕಿಟಕಿ ತೆರೆಯುತ್ತ, "ಜೂಇಚಿಗತ್ಸು ನಿ ಶಿತೆ ವ ಅತತಕಇ ದೆಸು ನೆ" ಎಂದರು. ನವೆಂಬರ್ ತಿಂಗಳಿಗೆ ಇದು ಬೆಚ್ಚಗೇ ಇದೆ, ಅಲ್ಲವೇ ಎಂದು ಅದರ ಅರ್ಥ. ಅಂದಿನ ಪಾಠವೂ ಅದೇ ಆಗಿತ್ತು: ಒಂದು ಅಳತೆಯನ್ನು ಮುಂದಿಟ್ಟು, ವಸ್ತುಸ್ಥಿತಿ ಆ ಅಳತೆಗೆ ಹೊಂದಿಲ್ಲವೆಂದು ಹೇಳುವ ಬಗೆ.

ಇದಕ್ಕೆ ಜಪಾನಿಯಲ್ಲಿ ಮುಖ್ಯವಾಗಿ ಎರಡು ರೂಪಗಳಿವೆ, 'ನಿ ಶಿತೆ ವ' ಮತ್ತು 'ವರಿ ನಿ'. ಪಠ್ಯಪುಸ್ತಕಗಳು ಎರಡಕ್ಕೂ ಒಂದೇ ಅರ್ಥ ಕೊಟ್ಟು ಮುಂದೆ ಹೋಗುವುದರಿಂದ ಕಲಿಯುವವರು ಅಲ್ಲಿಯೇ ತಡವರಿಸುತ್ತಾರೆ. ಸೆನ್ಸೇ ಬೋರ್ಡಿನ ಮೇಲೆ 'ಬೆಲೆ' ಎಂಬ ಒಂದೇ ಪದ ಬರೆದು ವ್ಯತ್ಯಾಸವನ್ನು ಬಿಡಿಸಿದ ರೀತಿ ನನಗೆ ಇಂದಿಗೂ ಅತ್ಯುತ್ತಮವೆನಿಸುತ್ತದೆ. ಬೆಲೆಯೆಂದರೆ ಹೆಚ್ಚೂ ಆಗಬಹುದು, ಕಡಿಮೆಯೂ ಆಗಬಹುದು. ಹೀಗೆ ಏರಿಳಿಯುವ ಅಳತೆಯ ಹೆಸರಿಗೆ 'ವರಿ ನಿ' ಒಪ್ಪುತ್ತದೆ. 'ನೆದನ್ ನೊ ವರಿ ನಿ ಒಇಶಿಇ' ಎಂದರೆ ಕೊಟ್ಟ ಬೆಲೆಯನ್ನು ನೋಡಿದರೆ ರುಚಿ ಚೆನ್ನಾಗಿಯೇ ಇದೆ ಎಂದಾಗುತ್ತದೆ. 'ನಿ ಶಿತೆ ವ'ಗೆ ಮಾತ್ರ ನಿರ್ದಿಷ್ಟವಾದ ಒಂದು ಬಿಂದು ಬೇಕು. ಬರಿಯ 'ನೆದನ್' ಸಾಲದು, 'ಕೊನೊ ನೆದನ್', ಅಂದರೆ 'ಈ ಬೆಲೆ' ಎನ್ನಬೇಕು. ಬರಿಯ ವಯಸ್ಸು ಸಾಲದು, ಎಪ್ಪತ್ತು ವರ್ಷ ಎನ್ನಬೇಕು. 'ತಕಇ ವರಿ ನಿ ಒಇಶಿಕುನಇ', ದುಬಾರಿಯಾಗಿದ್ದರೂ ಅದಕ್ಕೆ ತಕ್ಕ ರುಚಿಯಿಲ್ಲ, ಎಂಬಲ್ಲಿ ಗುಣವಾಚಕದ ಹಿಂದೆ 'ವರಿ ನಿ' ಸಲೀಸಾಗಿ ಕೂರುತ್ತದೆ. ಅಲ್ಲಿ 'ನಿ ಶಿತೆ ವ' ಇಟ್ಟರೆ ಜಪಾನಿಯರ ಕಿವಿಗೆ ಹಿಡಿಸದು.

ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆಯೆಂದು ಆ ದಿನ ನನಗೆ ಹೊಳೆಯಿತು. 'ಈ ದುಡ್ಡಿಗೆ ಪರವಾಗಿಲ್ಲ', 'ಹೊಸಬರ ಕೈಗೆ ಚೆನ್ನಾಗಿಯೇ ಬಂದಿದೆ' ಎನ್ನುವಾಗ ನಾವು ಚತುರ್ಥಿ ವಿಭಕ್ತಿಯಿಂದ ಮಾಡುವ ಕೆಲಸ 'ನಿ ಶಿತೆ ವ'ಗೆ ಬಹಳ ಹತ್ತಿರ. 'ವರಿ ನಿ'ಗೆ ನಮ್ಮ 'ತಕ್ಕಷ್ಟು' ಹತ್ತಿರ. 'ಓದಿದರೂ ಫೇಲಾದೆ' ಮತ್ತು 'ಓದಿದ್ದಕ್ಕೆ ತಕ್ಕಷ್ಟು ಅಂಕ ಬರಲಿಲ್ಲ' ಎಂಬ ಎರಡು ಮಾತುಗಳನ್ನು ಪಕ್ಕಪಕ್ಕ ಇಟ್ಟುಕೊಂಡರೆ ನಮ್ಮ 'ಓದಿದರೂ' ಎಂಬಲ್ಲಿನ 'ಊ'ದಂತೆ 'ಆದರೂ' ಎಂಬರ್ಥ ಕೊಡುವ 'ನೊ ನಿ' ಎಂಬ ಇನ್ನೊಂದು ರೂಪಕ್ಕೂ 'ವರಿ ನಿ'ಗೂ ಇರುವ ಅಂತರವೂ ತಿಳಿಯುತ್ತದೆ. ಫೇಲಾಗುವುದರಲ್ಲಿ ಹೆಚ್ಚು ಕಡಿಮೆಯೆಂಬುದಿಲ್ಲ, ಅಲ್ಲಿ 'ನೊ ನಿ' ಸರಿ. ಅಂಕಗಳಲ್ಲಿ ಇದೆ, ಅಲ್ಲಿ 'ವರಿ ನಿ' ಸರಿ.

ಅಷ್ಟರಲ್ಲಿ, ಮನೆಯಿಂದ ಹೊರಟು ಒಂದು ಗಂಟೆಯಾಯಿತೆಂದು ಸಂದೇಶ ಕಳಿಸಿದ್ದ ಸಹಪಾಠಿಯೊಬ್ಬರು ಇನ್ನೂ ಬಂದಿರಲಿಲ್ಲ. ಸೆನ್ಸೇ ಅದನ್ನೇ ಉದಾಹರಣೆಯಾಗಿ ಬಳಸಿದರು: "ಇಚಿಜಿಕನ್ ಮಎ ನಿ ದೆತ ನಿ ಶಿತೆ ವ ಒಸೊಇ." ಒಂದು ಗಂಟೆ ಮುಂಚೆ ಹೊರಟಿದ್ದಕ್ಕೆ ಇದು ತಡವೇ ಎಂದು ಅರ್ಥ. ಹೊರಟಿದ್ದು ನಿಜವೇ ಎಂಬುದು ಮಾತನಾಡುವವರಿಗೆ ಖಚಿತವಿಲ್ಲದಿದ್ದರೂ, ಹಾಗೆಂದು ಇಟ್ಟುಕೊಂಡು ನೋಡಿದರೆ ತಡವಾಯಿತು ಎಂಬ ಧ್ವನಿಗೆ ಇಲ್ಲಿ ಜಾಗವಿದೆ. 'ನೊ ನಿ'ಯಲ್ಲಿ ಈ ಸಡಿಲಿಕೆಯಿಲ್ಲ, ಹೊರಟದ್ದನ್ನು ಒಪ್ಪಿಕೊಂಡೇ ಮಾತು ಮುಂದುವರಿಯಬೇಕು. ಇಷ್ಟು ಸೂಕ್ಷ್ಮವಾದ ಸಂಗತಿಯನ್ನು ಕಾಯುವ ಹೊತ್ತಿನಲ್ಲೇ ಕಲಿಸಬಲ್ಲವರು ಸಿಕ್ಕಿದ್ದು ನನ್ನ ಭಾಗ್ಯ.

ವ್ಯಾಕರಣಕ್ಕಿಂತ ದೊಡ್ಡ ವಿಷಯ ಬಂದದ್ದು ಎರಡನೆಯ ಅವಧಿಯಲ್ಲಿ. ವಿಯೆಟ್ನಾಮಿನ ಯುವತಿಯೊಬ್ಬರು, ತಾವು ಕೆಲಸ ಮಾಡುವ ಅಂಗಡಿಯಲ್ಲಿ ಗಿರಾಕಿಯೊಬ್ಬರು "ಗಇಕೊಕುಜಿನ್ ನಿ ಶಿತೆ ವ ನಿಹೊಂಗೊ ಗ ಜೋಜು ದೆಸು ನೆ", ವಿದೇಶಿಯಾಗಿಯೂ ನಿಮ್ಮ ಜಪಾನಿ ಚೆನ್ನಾಗಿದೆ, ಎಂದರೆಂದೂ ಅದನ್ನು ಕೇಳಿ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲವೆಂದೂ ಹೇಳಿದರು. ಸೆನ್ಸೇ ಸ್ವಲ್ಪ ಯೋಚಿಸಿ, ಆ ಗಿರಾಕಿಯ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಈ ರೂಪವನ್ನು ಬಳಸಿದ ಕ್ಷಣವೇ ವಿದೇಶಿಯರಿಗೆ ಜಪಾನಿ ಬಾರದು ಎಂಬ ಮೊದಲ ಎಣಿಕೆಯೂ ಮಾತಿನೊಳಗೆ ಬಂದುಬಿಡುತ್ತದೆ ಎಂದು ವಿವರಿಸಿದರು. ಇದೇ ಕಾರಣಕ್ಕೆ ಹಿರಿಯರೆದುರು 'ತೊಶಿ ನೊ ವರಿ ನಿ', ವಯಸ್ಸಿಗೆ ಹೋಲಿಸಿದರೆ, ಎಂದು ಹೊಗಳಬಾರದೆಂದರು. ವಾಕ್ಯದಲ್ಲಿ ವ್ಯಾಕರಣದ ದೋಷವಿರುವುದಿಲ್ಲ, ಆದರೆ ಅವರ ವಯಸ್ಸು ಹೆಚ್ಚಾಯಿತೆಂದು ಮುಖಕ್ಕೇ ಹೇಳಿದಂತಾಗುತ್ತದೆ. ಇನ್ನು 'ಹಾಗಿದ್ದೂ' ಎಂಬರ್ಥದ 'ಕುಸೆ ನಿ' ಎಂಬ ರೂಪದಲ್ಲಿ ದೂಷಣೆ ನೇರವಾಗಿಯೇ ಇರುತ್ತದೆ. 'ಶಿತ್ತೆ ಇರು ಕುಸೆ ನಿ' ಎಂದರೆ ಗೊತ್ತಿದ್ದೂ ಹೇಳುತ್ತಿಲ್ಲವೆಂಬ ಸಿಟ್ಟು, ಅದನ್ನು ಆಪ್ತರೊಡನೆ ಮಾತ್ರ ಆಡಬಹುದು.

ಪರೀಕ್ಷೆಯ ದೃಷ್ಟಿಯಿಂದ ನೋಡಿದರೆ ಯಾವ ಪದದ ಹಿಂದೆ ಯಾವ ರೂಪ ಎಂಬಷ್ಟು ಗೊತ್ತಿದ್ದರೆ ಅಂಕ ಸಿಗುತ್ತದೆ. ಆದರೆ ಅನಿರೀಕ್ಷಿತವೆಂದು ಹೇಳುವ ಪ್ರತಿಯೊಂದು ವಾಕ್ಯವೂ ನಮ್ಮ ನಿರೀಕ್ಷೆ ಏನಿತ್ತೆಂಬುದನ್ನು ಕೇಳುವವರಿಗೆ ತಿಳಿಸಿಬಿಡುತ್ತದೆಯಾದ್ದರಿಂದ, ಮಧ್ಯಮ ಹಂತದ ಕಲಿಕೆಯಲ್ಲಿ ಈ ಪಾಠಕ್ಕೆ ಈಗ ಸಿಗುತ್ತಿರುವುದಕ್ಕಿಂತ ಬಹಳ ಹೆಚ್ಚಿನ ಸಮಯ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ತರಗತಿ ಮುಗಿಯುವ ಮುನ್ನ ಪ್ರತಿಯೊಬ್ಬರೂ ತಮ್ಮ ಬಗ್ಗೆಯೇ ಒಂದು ವಾಕ್ಯ ಬರೆಯಬೇಕಾಯಿತು. 'ವತಶಿ ನಿ ಶಿತೆ ವ', ನನ್ನ ಮಟ್ಟಿಗೆ, ಎಂದು ಆರಂಭಿಸಿದರೆ ಅಳತೆಯೂ ನಮ್ಮದೇ, ಅಳೆಯಲ್ಪಡುವವರೂ ನಾವೇ ಆಗುವುದರಿಂದ ಯಾರ ಮನಸ್ಸೂ ನೋಯುವುದಿಲ್ಲವೆಂದು ಸೆನ್ಸೇ ಹೇಳಿದ್ದರು. ವಿಯೆಟ್ನಾಮಿನ ಯುವತಿ ಮೊದಲು ಓದಿದರು: "ವತಶಿ ನಿ ಶಿತೆ ವ, ಕ್ಯೋ ವ ತಕುಸನ್ ಹನಶಿಮಶಿತ." ನನ್ನ ಮಟ್ಟಿಗೆ ಇವತ್ತು ಬಹಳ ಮಾತನಾಡಿದೆ.