ಮುರಿಯುವವರೆಗೂ ಮರಳು

15 ನವೆಂಬರ್ 2025, ಶನಿವಾರ, ರಾತ್ರಿ

ತಂಗಿ ಈಗಷ್ಟೇ ಫೋನಿನಲ್ಲಿ ಗದರಿದಳು. ಸೇತುವೆ ಕಟ್ಟುವ ಸ್ಪರ್ಧೆಯಲ್ಲಿ ಸೋತು ಬಂದ ತನ್ನ ಮಗಳಿಗೆ 75 ಜನ ಸತ್ತ ಕಥೆ ಹೇಳುವ ಅಗತ್ಯವೇನಿತ್ತಂತೆ. ನನ್ನ ಬಾಯಿಗೆ ಬೀಗವಿಲ್ಲ ಎಂದು ಮನೆಯಲ್ಲಿ ಮೊದಲಿನಿಂದಲೂ ಹೆಸರಿದೆ. ಆದರೆ ಕಥೆ ಕೇಳಿದವಳು ಹೆದರಲೇ ಇಲ್ಲ. ಹೆದರಿದ್ದು ಅವಳಮ್ಮ.

ಐಸ್‌ಕ್ರೀಮ್ ಕಡ್ಡಿ ಮತ್ತು ಬಿಳಿ ಅಂಟು, ಸಾಮಗ್ರಿ ಇವೆರಡೇ. ಎರಡು ಮೇಜುಗಳ ನಡುವೆ ಸೇತುವೆ ಇಟ್ಟು, ನಟ್ಟನಡುವೆ ಕೊಕ್ಕೆ ಸಿಕ್ಕಿಸಿ, ಬಕೆಟ್ ತೂಗುಬಿಟ್ಟು, ಮುರಿಯುವವರೆಗೂ ಮರಳು ಸುರಿಯುತ್ತಾರೆ. ಹೊತ್ತ ಭಾರವನ್ನು ಸೇತುವೆಯ ಸ್ವಂತ ತೂಕದಿಂದ ಭಾಗಿಸಿದರೆ ಬರುವುದೇ ಅಂಕ. ಹಾಗಾಗಿ ಕಡ್ಡಿಯ ಮೇಲೆ ಕಡ್ಡಿ ಪೇರಿಸಿ ದಪ್ಪ ಹಲಗೆ ಮಾಡಿಕೊಂಡು ಬಂದ ಜಾಣರಿಗೆ ಲಾಭವಾಗಲಿಲ್ಲ. ಅಂಟನ್ನು ಧಾರಾಳವಾಗಿ ಮೆತ್ತಿದವರಿಗೂ ಅಷ್ಟೆ, ಅಂಟಿಗೂ ತೂಕವಿದೆಯಲ್ಲ. ಈ ನಿಯಮ ಮಾಡಿದವರ ಮೇಲೆ ನನಗೆ ಗೌರವ ಹುಟ್ಟಿತು. ಭಾಷಣ ಮಾಡಿದ ಅತಿಥಿಗಳ ಮೇಲೆ ಹುಟ್ಟಲಿಲ್ಲ, ಆ ಮಾತು ಬೇಡ.

ಮೊದಲು ಬಂದವು ಬರೀ ಚೌಕಗಳ ಸೇತುವೆಗಳು. ಚೌಕದ ಕಡ್ಡಿಗಳು ಮುರಿಯಬೇಕೆಂದೇ ಇಲ್ಲ, ಮೂಲೆಯ ಅಂಟು ಸ್ವಲ್ಪ ಸಡಿಲಗೊಂಡರೂ ಸಾಕು, ಓರೆಯಾಗಿ ಕೂತುಬಿಡುತ್ತದೆ. ತ್ರಿಕೋನ ಹಾಗಲ್ಲ. ಅದರ ಒಂದು ಬದಿಯ ಉದ್ದ ಬದಲಾಗದ ಹೊರತು ಆಕಾರ ಕೆಡುವುದಿಲ್ಲ. 1848ರಲ್ಲಿ ಜೇಮ್ಸ್ ವಾರೆನ್ ಪೇಟೆಂಟ್ ಪಡೆದ ಟ್ರಸ್, ಅಂದರೆ ತೊಲೆಗಳನ್ನು ಜೋಡಿಸಿದ ಚೌಕಟ್ಟು, ಎಂದರೆ ಸಾಲುಗಟ್ಟಿದ ತ್ರಿಕೋನಗಳೇ. ಒಬ್ಬ ಹುಡುಗ ಆ ಹೆಸರನ್ನು ಕೇಳದೆಯೇ ಅದನ್ನೇ ಕಟ್ಟಿ ತಂದಿದ್ದ. ಎರಡು ಪಕ್ಕಗಳೂ ಗಟ್ಟಿಮುಟ್ಟು. ಆದರೆ ಅವೆರಡನ್ನೂ ಮೇಲೆ ಒಂದಕ್ಕೊಂದು ಹಿಡಿದಿಡುವ ಅಡ್ಡಕಡ್ಡಿಗಳಿರಲಿಲ್ಲ. ಬಕೆಟ್ ಅರ್ಧ ತುಂಬುವಷ್ಟರಲ್ಲಿ ಸೇತುವೆ ಹಾಗೆಯೇ ಪಕ್ಕಕ್ಕೆ ಮಲಗಿತು. ‘ಒಂದು ಕಡ್ಡಿಯೂ ಮುರಿದಿಲ್ಲವಲ್ಲ ಸರ್!’ ಎಂದು ತೀರ್ಪುಗಾರರೊಡನೆ ವಾದಕ್ಕೆ ನಿಂತ. ನಾನಾಗಿದ್ದರೆ ಇನ್ನೊಂದು ಅವಕಾಶ ಕೊಡುತ್ತಿದ್ದೆ.

ನಮ್ಮ ಹುಡುಗಿಯದು ಬಂದಾಗ ನಾನು ಮೇಲಿನ ಕಡ್ಡಿಗಳನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಇಂಥ ಸೇತುವೆಯಲ್ಲಿ ಕೆಳಗಿನವು ಎಳೆತಕ್ಕೆ ಸಿಕ್ಕಿ ನೆಟ್ಟಗಿರುತ್ತವೆ. ಮೇಲಿನವನ್ನು ಎರಡೂ ತುದಿಗಳಿಂದ ಒತ್ತಿದಂತಾಗುತ್ತದೆ. ನಡುವಿನದೊಂದು ಮೊದಲು ಕೂದಲೆಳೆಯಷ್ಟು ಹೊರಕ್ಕೆ ಉಬ್ಬಿತು. ಇನ್ನೊಂದು ಲೋಟ ಮರಳು ಬಿತ್ತು. ಉಬ್ಬು ಎದ್ದು ಕಾಣತೊಡಗಿತು. ಮತ್ತೊಂದು ಲೋಟ. ಬಿಲ್ಲಿನಂತೆ ಬಾಗಿ ಟಪ್ ಎಂದಿತು, ಉಳಿದದ್ದೆಲ್ಲ ಒಟ್ಟಿಗೆ ಕುಸಿಯಿತು. ಉದ್ದನೆಯ ಸಪೂರ ಕಡ್ಡಿಯನ್ನು ಹೀಗೆ ಒತ್ತಿದಾಗ, ಉದ್ದ ಅರ್ಧವಾದರೆ ಬಾಗದೆ ತಾಳುವ ಭಾರ ನಾಲ್ಕು ಪಟ್ಟಾಗುತ್ತದೆ ಎಂದು ಗಣಿತಜ್ಞ ಆಯ್ಲರ್ 18ನೆಯ ಶತಮಾನದಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಆ ಕಡ್ಡಿಯ ನಡುವಿಗೊಂದು ಆಸರೆ ಇದ್ದಿದ್ದರೆ!

ಅವಳು ಅಳಲಿಲ್ಲ. ಚೂರುಗಳನ್ನೆಲ್ಲ ಆರಿಸಿ ಚೀಲಕ್ಕೆ ಹಾಕಿಕೊಂಡಳು. ದಾರಿಯಲ್ಲಿ ಶುರುವಾಯಿತು.

‘ಮಾವ, ನಿಜವಾದ ಸೇತುವೆಯನ್ನೂ ಮುರಿಯುವವರೆಗೆ ಪರೀಕ್ಷೆ ಮಾಡುತ್ತಾರಾ?’

‘ಇಲ್ಲ ಪುಟ್ಟಿ. ಭಾರ ತುಂಬಿದ ಲಾರಿಗಳನ್ನು ನಿಲ್ಲಿಸಿ ಎಷ್ಟು ತಗ್ಗಿತು, ಲಾರಿ ತೆಗೆದ ಮೇಲೆ ಎಷ್ಟು ಮೇಲೆದ್ದಿತು ಎಂದು ಅಳೆಯುತ್ತಾರೆ.’

‘ಹಾಗಾದರೆ ಎಷ್ಟಕ್ಕೆ ಮುರಿಯುತ್ತದೆ ಎಂದು ಗೊತ್ತಾಗುವುದು ಹೇಗೆ?’

ಉಕ್ಕಿನ ತುಂಡುಗಳನ್ನು ಎಳೆದು ಮುರಿದು ನೋಡಿರುತ್ತಾರೆ, ಅದರ ಮೇಲೆ ಲೆಕ್ಕ ಹಾಕುತ್ತಾರೆ, ಬೇಕಾದ್ದಕ್ಕಿಂತ ಹೆಚ್ಚು ಬಲವನ್ನೇ ಇಡುತ್ತಾರೆ ಎಂದೆ.

‘ಲೆಕ್ಕವೇ ತಪ್ಪಿದ್ದರೆ?’

ಆಗ ಬಂತು ಕೆನಡಾದ ಕ್ವಿಬೆಕ್ ಸೇತುವೆಯ ಮಾತು. ಕಂಬಗಳ ನಡುವಿನ ಅಂತರವನ್ನು 1,600 ಅಡಿಯಿಂದ 1,800 ಅಡಿಗೆ ಹಿಗ್ಗಿಸಿದವರು ಸೇತುವೆಯ ತೂಕದ ಅಂದಾಜನ್ನು ಸಕಾಲದಲ್ಲಿ ತಿದ್ದಲಿಲ್ಲ. ಅದು ಬೇರೆ ಬಗೆಯ ಸೇತುವೆ, ಅಲ್ಲಿ ಒತ್ತಡ ಬೀಳುವುದು ಕೆಳಗಿನ ತೊಲೆಗಳಿಗೆ. ಕಟ್ಟುತ್ತಿರುವಾಗಲೇ ಅವು ಡೊಂಕಾಗುತ್ತಿದ್ದುದು ಕಣ್ಣಿಗೆ ಬಿದ್ದಿತ್ತು, ಅಳತೆಯನ್ನೂ ತೆಗೆದಿದ್ದರು. ಇನ್ನು ಭಾರ ಹೇರಬೇಡಿ ಎಂದು ಸಲಹೆಗಾರ ಎಂಜಿನಿಯರ್ ಥಿಯೋಡರ್ ಕೂಪರ್ ನ್ಯೂಯಾರ್ಕ್‌ನಿಂದ ಕಳಿಸಿದ ತಂತಿ ಸಂದೇಶ ಹೋದದ್ದು ಸೇತುವೆ ಕಟ್ಟುತ್ತಿದ್ದ ಉಕ್ಕಿನ ಕಂಪನಿಗೆ. ಆ ಮಾತು ಕೆಲಸದ ಜಾಗಕ್ಕೆ ಮುಟ್ಟುವ ಮೊದಲೇ, 1907ರ ಆಗಸ್ಟ್ 29ರಂದು, ಎಲ್ಲ ನದಿಗೆ ಬಿತ್ತು. ಆ 75 ಜನ ಸತ್ತದ್ದು ಆಗಲೇ.

ಅವಳು ಚೀಲದಿಂದ ಮುರಿದ ಕಡ್ಡಿಯನ್ನು ತೆಗೆದು ಎರಡೂ ತುದಿಗಳನ್ನು ಜೋಡಿಸಿ ನೋಡಿದಳು.

‘ನನ್ನದೂ ಉಬ್ಬಿದ್ದು ನನಗೆ ಕಂಡಿತ್ತು. ಆದರೆ ಸಾಕು ಎಂದಿದ್ದರೆ ಅಂಕ ಅಲ್ಲಿಗೇ ನಿಲ್ಲುತ್ತಿತ್ತಲ್ಲ?’

ಹೌದಲ್ಲ! ಕಂಡರೂ ಸುರಿಯುತ್ತಿರು ಎನ್ನುವುದೇ ಆಟದ ನಿಯಮ. ನಿಯಮವನ್ನು ಬೆಳಗ್ಗೆ ಮೆಚ್ಚಿಕೊಂಡವನು ನಾನೇ. ಹಾಗೆಂದು ಮುರಿಯುವುದನ್ನು ತೆಗೆದುಹಾಕಿದರೆ ಮಕ್ಕಳು ಬರುವುದೇ ಇಲ್ಲ, ಆ ಟಪ್ ಸದ್ದಿಗೆ ಇಡೀ ಸಭಾಂಗಣ ಕೇಕೆ ಹಾಕಿದ್ದನ್ನು ನೋಡಿದ್ದೇನೆ. ಮುರಿಯಲಿ. ಆದರೆ ಸುರಿಯುವ ಮೊದಲು ಪ್ರತಿ ಮಗುವೂ ಒಂದು ಚೀಟಿ ಬರೆದುಕೊಡಬೇಕು: ಯಾವ ಕಡ್ಡಿ ಮೊದಲು ಹೋಗುತ್ತದೆ, ಎಷ್ಟು ಕಿಲೋಗೆ. ಚೀಟಿ ನಿಜವಾದರೆ ಅರ್ಧ ಅಂಕ. ಸೋಮವಾರ ಮೇಷ್ಟರಿಗೆ ಹೇಳಬೇಕು. ಆದರೆ ಬೇಕೆಂದೇ ಒಂದು ಕಡ್ಡಿಯನ್ನು ದುರ್ಬಲವಾಗಿಟ್ಟು ಅದರ ಹೆಸರನ್ನೇ ಬರೆದುಕೊಟ್ಟರೆ? ಇವಳಂತೂ ಹಾಗೆ ಮಾಡಿಯೇ ಮಾಡುತ್ತಾಳೆ, ಅದಕ್ಕೇನು ಮಾಡುವುದು?