ಕುಂತ ದನಿ, ಕುರಿಯ ಗಂಟಲು

ಹುಬ್ಬಳ್ಳಿ, 11 ಮಾರ್ಚ್ 2024, ಸೋಮವಾರ

ಸಿದ್ಧಾರೂಢ ಮಠದ ಶಿವರಾತ್ರಿ ಜಾತ್ರೆ ಮುಗಿದ ವಾರ ಕಿವಿ-ಮೂಗು-ಗಂಟಲು ಓಪಿಡಿಯಲ್ಲಿ ಹೆಚ್ಚು ಕೇಳುವ ಮಾತು, “ದನಿ ಕುಂತದ್ರೀ ಡಾಕ್ಟ್ರೇ.” ಆಟಿಕೆ ಮಾರಲು ಕೂಗಿದವರು, ರಾತ್ರಿಯಿಡೀ ಭಜನೆ ಹಾಡಿದವರು. ಧ್ವನಿಪೆಟ್ಟಿಗೆ ಇರುವುದೇ ದನಿಗೆ ಅಂತ ಇವರೂ ತಿಳಿದಿರುತ್ತಾರೆ, ಎಂಬಿಬಿಎಸ್ ಮೊದಲ ವರ್ಷದ ಹುಡುಗರೂ ತಿಳಿದಿರುತ್ತಾರೆ. ಅದರ ನಿಜವಾದ ಕೆಲಸ ಶ್ವಾಸನಾಳ ಕಾಯುವುದು: ನುಂಗುವಾಗ ಮುಚ್ಚಬೇಕು, ಉಸಿರಾಡುವಾಗ ತೆರೆಯಬೇಕು. ಮಾತು, ಹಾಡು ಎಲ್ಲ ಆ ಕವಾಟದ ಮೇಲ್ಸಂಪಾದನೆ.

ಇದು ಪುಸ್ತಕದ ಚಿತ್ರದಿಂದ ತಲೆಗೆ ಹೋಗುವುದಿಲ್ಲ. ಕುರಿಯ ಧ್ವನಿಪೆಟ್ಟಿಗೆ ತರಿಸಬೇಕು. ಮಟನ್ ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಡಿ: ನಾಲಿಗೆಯ ಬುಡ ಸಮೇತ, ಕೆಳಗೆ ನಾಲ್ಕು ಬೆರಳು ಗಾಳಿಕೊಳವೆ ಬಿಟ್ಟು ಕೊಡಿ ಅಂತ. ಹೇಳದಿದ್ದರೆ ಚೂರಿ ಅದರ ಮೇಲೆಯೇ ಹಾಯಬಹುದು. ತಂದ ಮೇಲೆ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕರಗಿಸಿ ಅದರಲ್ಲಿಡಿ. ಬರೀ ನೀರಿನಲ್ಲಿ ಒಳಪದರ ಉಬ್ಬುತ್ತದೆ, ಹೊರಗಿಟ್ಟರೆ ಒಣಗುತ್ತದೆ.

ಕೊಯ್ಯುವ ಮುಂಚೆ ನುಡಿಸಿ ನೋಡಬೇಕು. ಗಾಳಿಕೊಳವೆಗೆ ಪೈಪ್ ತೂರಿಸಿ, ದಾರದಿಂದ ಬಿಗಿದು, ಪಂಪಿನಿಂದ ಗಾಳಿ ಬಿಡಿ. (ಬಾಯಿಂದ ಊದುವ ಹುಮ್ಮಸ್ಸು ಯಾರಿಗೂ ಬೇಡ.) ಸುಯ್ ಅನ್ನುತ್ತದೆ, ಅಷ್ಟೇ. ಈಗ ಹಿಂಬದಿಯ ಎರಡು ಅರಿಟಿನಾಯ್ಡ್ ಮೃದ್ವಸ್ಥಿಗಳನ್ನು (ಧ್ವನಿತಂತುಗಳ ಹಿಂದಿನ ತುದಿ ಅಂಟಿರುವ ಮೆದು ಎಲುಬು) ಹೆಬ್ಬೆರಳು-ತೋರುಬೆರಳಿನಿಂದ ಒತ್ತಿ ಕೂಡಿಸಿದರೆ ಗೊಗ್ಗರು ದನಿಯೊಂದು ಏಳುತ್ತದೆ. ಥೈರಾಯ್ಡ್ ಮೃದ್ವಸ್ಥಿಯನ್ನು (ಮುಂಬದಿಯ ಗುರಾಣಿಯಂಥದು) ಮುಂದಕ್ಕೆ ಬಗ್ಗಿಸಿ; ಧ್ವನಿತಂತು, ಅಂದರೆ ನಡುಗಿ ದನಿ ಹೊರಡಿಸುವ ಮಡಿಕೆ, ಬಿಗಿದು ಸ್ವರ ಏರುತ್ತದೆ. ನಮ್ಮಲ್ಲಿ ಕ್ರೈಕೋಥೈರಾಯ್ಡ್ ಸ್ನಾಯು ಮಾಡುವುದೂ ಇದನ್ನೇ. ದನಿ ಬರಲೇ ಇಲ್ಲವೆಂದರೆ ತಂತು ಒಣಗಿರುತ್ತದೆ, ಇಲ್ಲವೇ ಎರಡರ ನಡುವೆ ಸಂದು ಉಳಿದಿರುತ್ತದೆ, ಇಲ್ಲವೇ ಕೆಳಗೆ ಗಾಳಿ ಸಾಲದು. ಓಪಿಡಿಗೆ ಬರುವ ಕುಂತ ದನಿಗೂ ಇವೇ ಕಾರಣ. ಬಾವೊಂದನ್ನು ಕೂಡಿಸಿಕೊಂಡರೆ ಆಯಿತು.

ಆಮೇಲೆ ಅನ್ನನಾಳ ಬಿಡಿಸಿ ತೆಗೆದು, ಹಿಂಬದಿಯ ನಟ್ಟನಡುವೆ ಕ್ರೈಕಾಯ್ಡ್ (ಧ್ವನಿಪೆಟ್ಟಿಗೆಯ ಬುಡದ ಉಂಗುರ) ಸೀಳಿ ಅಗಲಿಸಿ. ಮನುಷ್ಯನಲ್ಲಿ ಧ್ವನಿತಂತುವಿನ ಮೇಲೆ ಇನ್ನೊಂದು ಜೋಡಿ ಮಡಿಕೆ, ನಡುವೆ ಒಂದು ಗೂಡು ಕಾಣುತ್ತವೆ. ಕುರಿಯಲ್ಲಿ ಆ ಗೂಡಿಲ್ಲ; ಹುಡುಕಿ ಹೊತ್ತು ಕಳೆಯಬೇಡಿ. ಕ್ರೈಕಾಯ್ಡ್ ಮಾತ್ರ ಚೆನ್ನಾಗಿ ನೋಡಿ. ಮುದ್ರೆಯುಂಗುರದ ಆಕಾರ, ಮುಂದೆ ಸಣ್ಣ, ಹಿಂದೆ ಅಗಲ. ಮನುಷ್ಯನ ಗಾಳಿದಾರಿಯಲ್ಲಿ ಪೂರ್ತಿ ಸುತ್ತು ಬಂದ ಮೃದ್ವಸ್ಥಿ ಇದೊಂದೇ, ಹಾಗಾಗಿ ಇಲ್ಲಿ ಬಾವು ಬಂದರೆ ಒಳಗೇ ಬೆಳೆಯಬೇಕು. ಕೂಸಿನ 4 ಮಿ.ಮೀ. ದಾರಿಯಲ್ಲಿ ಸುತ್ತಲೂ 1 ಮಿ.ಮೀ. ಬಾತರೆ ಉಳಿಯುವುದು 2 ಮಿ.ಮೀ., ಅಂದರೆ ಜಾಗದ ಮುಕ್ಕಾಲು ಪಾಲು ಹೋಯಿತು. ಉಸಿರೆಳೆಯುವಾಗ ಗೊರ್ ಸದ್ದು, ಪಕ್ಕೆಲುಬಿನ ಸಂದು ಒಳಗೆ ಜಗ್ಗುವುದು ಕಂಡರೆ ಕಷಾಯ ಕಾಯಿಸುತ್ತ ಕೂಡಬೇಡಿ, ದವಾಖಾನೆಗೆ ಒಯ್ಯಿರಿ.

ಕ್ರೈಕಾಯ್ಡಿನ ಬೆನ್ನಿಗೆ ಅಂಟಿದ ಬೀಸಣಿಗೆಯಾಕಾರದ ಸ್ನಾಯು ಹರಿಯದಂತೆ ಉಳಿಸಿಕೊಳ್ಳಿ. ಮುಚ್ಚುವ ಸ್ನಾಯುಗಳು ಹಲವು. ತೆರೆಯುವುದು ಈ ಒಂದೇ ಜೋಡಿ. ಇದರ ನರ ನೇರವಾಗಿ ಬರುವುದಿಲ್ಲ. ಎಡಗಡೆಯದು ಎದೆಗೂಡಿಗಿಳಿದು ಮಹಾಅಪಧಮನಿಯ ಕಮಾನನ್ನು ಬಳಸಿ ಮೇಲೇರುತ್ತದೆ, ಬಲಗಡೆಯದು ಕತ್ತಿನ ಬುಡದಲ್ಲೇ ತಿರುಗುತ್ತದೆ. ಎಡ ಶ್ವಾಸಕೋಶದ ಗಡ್ಡೆಯ ಮೊದಲ ಸುಳಿವು ಕೆಲವೊಮ್ಮೆ ಬರೀ ಬಿದ್ದ ದನಿ ಆಗಿರುವುದು ಇದಕ್ಕೇ. ಒಂದು ಕಡೆಯ ನರ ಸತ್ತರೆ ದನಿಯಲ್ಲಿ ಗಾಳಿ ಸೋರುತ್ತದೆ, ನೀರು ಕುಡಿದರೆ ಕೆಮ್ಮು. ಎರಡೂ ಕಡೆ ಸತ್ತು ತಂತುಗಳು ನಡುವೆ ಬಂದು ನಿಂತರೆ ಮಾತು ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ, ಉಸಿರು ಮಾತ್ರ ಕಟ್ಟುತ್ತದೆ. ಥೈರಾಯ್ಡ್ ಆಪರೇಷನ್ ಆದವರ ದನಿ ಚಲೋ ಐತಿ ಅಂತ ನಿಶ್ಚಿಂತೆಯಿಂದಿರಬಾರದು, ಉಸಿರಿನ ಸದ್ದನ್ನೂ ಕೇಳಬೇಕು.

ಇನ್ನು ಜಾತ್ರೆಯ ದನಿ. ಗಂಡಸಿನ ತಂತು ಮಾತಾಡುವಾಗ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸಿನದು 200ರ ಆಸುಪಾಸು ಬಡಿದುಕೊಳ್ಳುತ್ತದೆ. ಕೂಗಿದಾಗ ಪೆಟ್ಟು ಹೆಚ್ಚು ಬೀಳುವುದು ಮುಂದಿನ ಮೂರನೇ ಒಂದು ಭಾಗ ಮುಗಿಯುವಲ್ಲಿ. ದಿನವೂ ಕೂಗಿ ಪಾಠ ಮಾಡುವ ಮೇಷ್ಟ್ರುಗಳ ತಂತುವಿನಲ್ಲಿ ಗಂಟು ಏಳುವುದೂ ಅಲ್ಲೇ. ಪಿಸುಮಾತು ವಿಶ್ರಾಂತಿಯಲ್ಲ, ಒತ್ತಿ ಪಿಸುಗುಟ್ಟಿದರೆ ಸ್ನಾಯು ಇನ್ನಷ್ಟು ಬಿಗಿಯುತ್ತವೆ. ಎರಡು ಮೂರು ದಿನ ಸುಮ್ಮನಿರುವುದೇ ಮದ್ದು. ಕುಡಿದ ನೀರು, ಮುಕ್ಕಳಿಸಿದ ಉಪ್ಪುನೀರು, ನುಂಗಿದ ಜೇನು ಯಾವುದೂ ತಂತುವನ್ನು ಮುಟ್ಟುವುದಿಲ್ಲ. ಮುಟ್ಟಿದ್ದರೆ ಕೆಮ್ಮು ಬರುತ್ತಿತ್ತು, ಕವಾಟ ಇರುವುದೇ ಅದಕ್ಕೆ. ನೀರು ಕುಡಿಯಬೇಕಾದ್ದು ಮೈಯೊಳಗಿನಿಂದ ಲೋಳೆ ತೆಳುವಾಗಲಿ ಅಂತ. ಅಲ್ಲಿವರೆಗೆ ನೇರವಾಗಿ ಹೋಗುವುದು ಉಸಿರಿನ ಜೊತೆ ಎಳೆದ ಹಬೆ, ಮತ್ತು ಬೀಡಿಯ ಹೊಗೆ.

ಮೂರು ವಾರ ದಾಟಿದರೂ ದನಿ ಏಳದಿದ್ದರೆ ತಂತು ನೋಡಲೇಬೇಕು, ಬೀಡಿ-ಸಿಗರೇಟಿನವರಾದರೆ ಇನ್ನೂ ಬೇಗ. ಅಲ್ಲಿಯ ಕ್ಯಾನ್ಸರ್ ಸಣ್ಣದಿದ್ದಾಗಲೇ ದನಿ ಕೆಡಿಸುತ್ತದೆ, ಆ ಜಾಗದಲ್ಲಿ ದುಗ್ಧನಾಳ (ಲಿಂಫ್ ಹರಿಯುವ ಸಣ್ಣ ಕೊಳವೆ) ಕಡಿಮೆ ಇರುವುದರಿಂದ ತಡವಾಗಿ ಹರಡುತ್ತದೆ. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತ ಮೇಷ್ಟ್ರು ಕನ್ನಡಿ ಮತ್ತು ಬಿಸಿಲಿನಿಂದ ತನ್ನ ತಂತುಗಳನ್ನೇ ನೋಡಿಕೊಂಡ. ಅದೇ ಕನ್ನಡಿ ಇನ್ನೂ ನಮ್ಮ ಟ್ರೇಯಲ್ಲಿದೆ. ಹಬೆ ಕಟ್ಟದಂತೆ ಬೆಚ್ಚಗೆ ಮಾಡಿ, ಮುಂಗೈಗೆ ಮುಟ್ಟಿಸಿ ಬಿಸಿ ನೋಡಿ, ನಾಲಿಗೆ ಹಿಡಿದು “ಈ” ಅನ್ನಿಸಬೇಕು. “ಆ” ಅಂದರೆ ಎಪಿಗ್ಲಾಟಿಸ್ (ಧ್ವನಿಪೆಟ್ಟಿಗೆಯ ಬಾಯಿಯ ಮುಚ್ಚಳ) ಹಿಂದಕ್ಕೆ ವಾಲಿ ತಂತುವಿನ ಮುಂದಿನ ತುದಿ ಮರೆಯಾಗುತ್ತದೆ.