ಚೌತಿಗೆ ಒಣಗದ ಆಕಾಶ

ಮೊನ್ನೆ ಮಲ್ಪೆ ಬಂದರಿನಲ್ಲಿ ಬೋಟ್‌ಗಳೆಲ್ಲ ಸಾಲಾಗಿ ನಿಂತಿದ್ದವು. ಜೂನ್ 1ರಿಂದ ಜುಲೈ 31ರವರೆಗೆ ಅವು ಮೀನು ಹಿಡಿಯಲು ಹೋಗುವ ಹಾಗಿಲ್ಲ, ರಜೆ ಅಲ್ವಾ. ನೋಡಿದ ಕೂಡಲೇ ಹೊಟ್ಟೆಯಲ್ಲಿ ಸಂಕಟ ಆಯಿತು. ಹೋದ ವರ್ಷ ಇದೇ ಬೋಟ್‌ಗಳ ಸಾಲಿನ ಚಿತ್ರ ಬರೆದು ನಾನು ಮಾಡಿಕೊಂಡ ಎಡವಟ್ಟು ಇನ್ನೂ ಮರೆತಿಲ್ಲ.

ನಾನು 31 ವರ್ಷ ಬ್ಯಾಂಕಿನಲ್ಲಿದ್ದವಳು. 54ಕ್ಕೆ ವಿಆರ್‌ಎಸ್ ತಗೊಂಡು, ಉಡುಪಿಯ ಮನೆಯ ಮಾಳಿಗೆ ಕೋಣೆಯನ್ನು ಸ್ಟುಡಿಯೊ ಮಾಡಿಕೊಂಡೆ. ಇನ್ನು ಚಿತ್ರವೇ ನನ್ನ ಕೆಲಸ ಅಂತ ತೀರ್ಮಾನಿಸಿಯೇ ಬಿಟ್ಟಿದ್ದೆ. ಬೆಳಿಗ್ಗೆ ಒಂಬತ್ತಕ್ಕೆ ಮೇಲೆ ಹತ್ತಿದರೆ ಇಳಿಯುವುದು ಊಟಕ್ಕೇ. "ಟೈಂಪಾಸ್‌ಗೆ ಒಳ್ಳೆಯದು ಬಿಡು" ಅಂತ ನೆಂಟರು ಹೇಳಿದಾಗೆಲ್ಲ ನೋವಾಗುತ್ತದೆ. ಎಷ್ಟೋ ಸ್ಕಾಲರ್‌ಶಿಪ್‌ಗಳಿಗೆ 35 ದಾಟಿದವರು ಅರ್ಜಿ ಹಾಕುವ ಹಾಗೇ ಇಲ್ಲ. ಹಾಗಾಗಿ ಒಳಗೊಳಗೇ ಒಂದು ಅವಸರ. ತಡವಾಗಿ ಬಂದಿದ್ದೇನೆ, ಬೇಗ ಬೇಗ ಮಾಡಬೇಕು ಅನ್ನುವ ಅವಸರ.

ಆಗ ಸಿಕ್ಕಿದ್ದು ಮಂಗಳೂರಿನ ಒಂದು ಹೊಸ ಕ್ಲಿನಿಕ್‌ನ ಆರ್ಡರ್. ಐದಡಿ ಮೂರಡಿ, ಎಣ್ಣೆ ಬಣ್ಣ, ₹40,000. ಚೌತಿಯ ದಿನ ಉದ್ಘಾಟನೆ. ಡೇಟ್ ಕೇಳಿದ್ದೇ ತಡ, "ಆಯ್ತು" ಅಂದೆ. ಮಾರ್ಚ್ 31 ಅಂದರೆ ಮಾರ್ಚ್ 31 ಅಂತಲೇ ಬದುಕಿದವಳು ನಾನು. ರಾತ್ರಿ ಹನ್ನೊಂದಾದರೂ ಟ್ಯಾಲಿ ಮಾಡಿಯೇ ಮನೆಗೆ ಹೋಗುತ್ತಿದ್ದೆ.

ಜುಲೈ ಪೂರ್ತಿ ಬರೆದೆ. ಆಕಾಶಕ್ಕೆ ಟಿಟಾನಿಯಂ ವೈಟ್ ಅನ್ನುವ ಬಿಳಿ ಬಣ್ಣವನ್ನು ನೈಫಿನಲ್ಲಿ ದಪ್ಪಗೆ ಮೆತ್ತಿದೆ. ಮಳೆಗಾಲದ ಮೋಡಕ್ಕೆ ಆ ಭಾರ ಬೇಕೇ ಬೇಕಿತ್ತು. ಹೊರಗೆ ಜಡಿಮಳೆ, ಒಳಗೆ ಗೋಡೆಯೇ ಬೆವರುತ್ತಿತ್ತು. ಎಣ್ಣೆ ಬಣ್ಣ ನೀರಿನ ಹಾಗೆ ಆರುವುದಿಲ್ಲ. ಎಣ್ಣೆ ಗಾಳಿಯಿಂದ ಆಕ್ಸಿಜನ್ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗಬೇಕು. ಅಂಬರ್ ಅನ್ನುವ ಕಂದು ಬಣ್ಣ ಬೇಗ ಒಣಗುತ್ತದೆ, ಬಿಳಿ ಸತಾಯಿಸುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ಮುಟ್ಟಿದರೆ ಕೈಗೆ ಹತ್ತುತ್ತಿರಲಿಲ್ಲ. ಅಷ್ಟು ಸಾಕು ಅಂದುಕೊಂಡೆ.

ಫ್ರೇಮ್ ಹಾಕುವ ಹುಡುಗ ಮೂಲೆಯಲ್ಲಿ ಹೆಬ್ಬೆರಳು ಒತ್ತಿ ನೋಡಿದ. "ಅಕ್ಕ, ಮೇಲೆ ಕೆನೆ ಕಟ್ಟಿದ್ದು ಅಷ್ಟೇ. ಒಳಗೆ ಇನ್ನೂ ಬೆಣ್ಣೆ ಹಾಗೆ ಉಂಟು. ಎರಡು ತಿಂಗಳು ಬಿಡಿ ಮಾರಾಯ್ರೆ."

"ಆಗುವುದಿಲ್ಲ ಮಾರಾಯ, ಡೇಟ್ ಕೊಟ್ಟಾಗಿದೆ" ಅಂದೆ. ಅವನು ಮತ್ತೆ ಮಾತಾಡಲಿಲ್ಲ.

ಬಬಲ್ ರ್ಯಾಪ್ ಸುತ್ತಿದ್ದು ನಾನೇ. ಗುಳ್ಳೆ ಒಳಗೆ ಬರುವ ಹಾಗೆ. ವ್ಯಾನಿನಲ್ಲಿ ಅಲುಗಾಡಬಾರದು ಅಂತ ಮೇಲಿಂದ ಒಂದು ಹಾಸಿಗೆಯನ್ನೂ ಒತ್ತಿ ಕಟ್ಟಿಸಿದೆ.

ಕ್ಲಿನಿಕ್‌ನಲ್ಲಿ ಗಣಪತಿಗೆ ಹೂ ಏರಿಸಿ ಆಗಿತ್ತು. ಗೋಡೆಗೆ ಮೊಳೆ ಹೊಡೆದಿದ್ದರು. ಡಾಕ್ಟರರ ತಾಯಿ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. ನಾನು ಟೇಪ್ ಕತ್ತರಿಸಿ ಪ್ಲಾಸ್ಟಿಕ್ ಎಳೆದೆ. ಬರಲಿಲ್ಲ. ಇನ್ನೊಂದು ಸಲ ಎಳೆದೆ. ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬಂತು. ಆಕಾಶದ ತುಂಬ ನಾಲ್ಕಾಣೆಯಷ್ಟು ದೊಡ್ಡ ಗುಂಡಿಗಳು, ಸಾಲು ಸಾಲು, ಅಚ್ಚು ಹಾಕಿದ ಹಾಗೆ. ಎಡಮೂಲೆಯಲ್ಲಿ ಒಂದು ಗೇಣು ಮೋಡ ಕಿತ್ತು ಪ್ಲಾಸ್ಟಿಕ್ಕಿಗೇ ಅಂಟಿತ್ತು. ಅದರಡಿ ಮೊದಲು ಹಚ್ಚಿದ್ದ ಕಂದು ಪದರ, ಅಂಡರ್‌ಪೇಂಟಿಂಗ್, ಕಾಣುತ್ತಿತ್ತು.

ಯಾರೂ ಮಾತಾಡಲಿಲ್ಲ. ಎದೆ ಡವಡವ ಅನ್ನುತ್ತಿತ್ತು. ಆ ತಾಯಿ ಮೆಲ್ಲಗೆ, "ಇದು ಹೀಗೆಯೇ ಇರುವುದಾ?" ಅಂತ ಕೇಳಿದರು. ಹೌದು, ಇದೊಂದು ಟೆಕ್ಸ್‌ಚರ್ ಅನ್ನುವ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಅವರು ನಂಬುತ್ತಿದ್ದರು. ಅದನ್ನು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ. ಕೊನೆಗೆ, "ಇಲ್ಲಮ್ಮ, ಒಣಗುವ ಮೊದಲೇ ತಂದೆ. ತಪ್ಪು ನನ್ನದು" ಅಂದೆ. ಅಡ್ವಾನ್ಸ್ ವಾಪಸ್ ಕೊಡಲು ಹೋದರೆ ಡಾಕ್ಟರ್ ತಗೊಳ್ಳಲಿಲ್ಲ. ಮೊಳೆ ಖಾಲಿಯಾಗಿಯೇ ಉಳಿಯಿತು. ಪೂಜೆಯ ಹೊತ್ತಿಡೀ ನನ್ನ ಕಣ್ಣು ಅಲ್ಲಿಯೇ.

ಆಮೇಲೆ ಒಂದು ದಿನ ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ ತುಂಬಾ ಹೊತ್ತು ಕೂತಿದ್ದೆ. 1900ರ ಆಸುಪಾಸಿನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಬರೆದ ಚಿತ್ರಗಳು. ಗೋಡೆಯವು ಫ್ರೆಸ್ಕೊ, ಗಾರೆ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು. ಚಾವಣಿಯವು ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣ, ಅಲ್ಲಿ ಕಾಯಲೇಬೇಕು. ಒಂದೇ ಸೂರಿನಡಿ ಎರಡು ಲೆಕ್ಕ. ಎರಡನ್ನೂ ಆ ಮನುಷ್ಯ ಪಾಲಿಸಿದ್ದರು. ಅವರ ಎದುರು ನನ್ನ ವಯಸ್ಸಿನ ಅವಸರವನ್ನು ಸಮರ್ಥಿಸಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಬಣ್ಣದ ಟ್ಯೂಬ್ ಮಾರುವವರ ಮೇಲೂ ನನಗೆ ಸಿಟ್ಟಿದೆ. ವಿಡಿಯೊಗಳಲ್ಲಿ "ಒಂದು ವಾರದಲ್ಲಿ ಒಣಗುತ್ತದೆ" ಅನ್ನುತ್ತಾರೆ. ಯಾವ ಊರಿನಲ್ಲಿ? ನಮ್ಮ ತುಳುನಾಡಿನ ಆಟಿ ತಿಂಗಳಿನಲ್ಲಿ, ಆ ಜುಲೈ-ಆಗಸ್ಟ್‌ನ ಮಳೆಗೆ, ಅಂಗಿಯೇ ಒಣಗುವುದಿಲ್ಲ. ಈಗ ಪ್ರತಿ ಲೇಯರ್‌ನ ತಾರೀಕನ್ನು ಕ್ಯಾನ್ವಾಸಿನ ಹಿಂದೆ ಬರೆಯುತ್ತೇನೆ. ಮಳೆಗಾಲದಲ್ಲಿ ತೆಳುವಾಗಿ ಬರೆಯುತ್ತೇನೆ. ಅರ್ಜೆಂಟ್ ಅಂದವರಿಗೆ ಬೇಗ ಒಣಗುವ ಅಕ್ರಿಲಿಕ್ ಬಣ್ಣ. ಪ್ಯಾಕ್ ಮಾಡುವಾಗ ಚಿತ್ರಕ್ಕೆ ಪ್ಲಾಸ್ಟಿಕ್ ತಾಗುವ ಹಾಗೇ ಇಲ್ಲ.

ಆ ಆಕಾಶವನ್ನು ಪೂರ್ತಿ ಕೆರೆದು, ಅಕ್ಟೋಬರ್‌ನಲ್ಲಿ ಮತ್ತೆ ಬರೆದೆ. ಫೆಬ್ರವರಿಯಲ್ಲಿ ಹುಡುಗ ಹೆಬ್ಬೆರಳು ಒತ್ತಿ, "ಈಗ ಆಯ್ತು ಅಕ್ಕ" ಅಂದ ಮೇಲೆಯೇ ಮಂಗಳೂರಿಗೆ ಹೋದದ್ದು. ವಾರ್ನಿಷ್ ಇನ್ನೂ ಹಾಕಿಲ್ಲ. ಈ ಮಳೆಗಾಲ ಕಳೆದ ಮೇಲೆ ಬರುತ್ತೇನೆ ಅಂತ ಡಾಕ್ಟರಿಗೆ ಹೇಳಿಟ್ಟಿದ್ದೇನೆ.